ಮನೆಯ ಬಾಗಿಲು ಮುಚ್ಚುವಾಗ ಪಂಜರದ ಗಿಳಿ ಯಾರ ಪಾಲಿಗೆ?

ಸಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ತೋಟದ ಮನೆಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿರುವುದು ಹೊಸ ಸುದ್ದಿಯೇನಲ್ಲ. ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಅದಕ್ಕಿಂತ ದೂರದ ಊರುಗಳಲ್ಲೋ ನೆಲೆಸಿದ್ದಾರೆ. ವಯಸ್ಸಾದ ದಂಪತಿಗಳಲ್ಲಿ ಒಬ್ಬರು ತೀರಿಕೊಂಡರೆ ಉಳಿದವರನ್ನು ಮಕ್ಕಳು ತಮ್ಮಲ್ಲಿಗೆ ಕರೆದೊಯ್ಯುತ್ತಾರೆ. ಅಂಥ ಸಂದರ್ಭದಲ್ಲಿ ತೋಟವನ್ನು ನೋಡಿಕೊಳ್ಳಲು ಯಾರನ್ನಾದರೂ ಗೊತ್ತುಮಾಡಲಾಗುತ್ತದೆ. ಆಕಳು ನೆಂಟರ ಕೊಟ್ಟಿಗೆಗೆ ಹೋಗುತ್ತದೆ. ನಾಯಿಯನ್ನು ಪಕ್ಕದ ಮನೆಯವರು ಹೇಗೋ ಸುಧಾರಿಸುತ್ತಾರೆ. ಜಗುಲಿಯ ಮೂಲೆಯಲ್ಲಿ ತೂಗುವ ಪಂಜರದ ಗಿಳಿಯ ವಿಷಯ ಮಾತ್ರ ಹೊರಡುವ ಹಿಂದಿನ ದಿನದವರೆಗೂ ಯಾರಿಗೂ ನೆನಪಾಗುವುದಿಲ್ಲ. ಅಡಿಕೆ ಮರದ ಸಂಖ್ಯೆಯಿಂದ ಹಿಡಿದು ಹಿತ್ತಾಳೆ ಹಂಡೆಯವರೆಗೆ ಎಲ್ಲವನ್ನೂ ಬರೆದಿಡುವ ನಮ್ಮ ಪಾಲುಪಟ್ಟಿಗಳಲ್ಲಿ ಗಿಳಿಗೆ ಜಾಗವಿಲ್ಲ.

ಆಗ ಸಾಮಾನ್ಯವಾಗಿ ಎರಡು ಸಲಹೆಗಳು ಕೇಳಿಬರುತ್ತವೆ. ‘ಹಾರಿಬಿಟ್ಟುಬಿಡಿ, ಪುಣ್ಯ ಬರುತ್ತದೆ’ ಎಂಬುದು ಒಂದು. ‘ಯಾರಾದರೂ ಆಸೆಪಡುವವರಿಗೆ ಕೊಟ್ಟುಬಿಡಿ’ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಹಕ್ಕಿಯ ಪ್ರಾಣಕ್ಕೇ ಸಂಚಕಾರ. ಎರಡನೆಯದರಲ್ಲಿ, ಹಕ್ಕಿ ನಮ್ಮ ಕಾಡಿನದೇ ಆಗಿದ್ದರೆ, ಕೊಟ್ಟವರೂ ಪಡೆದವರೂ ಕಾನೂನಿನ ಕಣ್ಣಿನಲ್ಲಿ ತಪ್ಪಿತಸ್ಥರಾಗುತ್ತಾರೆ. ಹಾಗಾದರೆ ಮಾಡಬೇಕಾದುದೇನು ಎಂಬುದನ್ನು ವಿವರವಾಗಿ ನೋಡುವುದು ಈ ಲೇಖನದ ಉದ್ದೇಶ.

ಸಮಸ್ಯೆಯ ಮೂಲವಿರುವುದು ಗಿಳಿಯ ಆಯುಷ್ಯದಲ್ಲಿ. ಕೊರಳಲ್ಲಿ ಗುಲಾಬಿ ಉಂಗುರ ತೊಟ್ಟ ಸಾಮಾನ್ಯ ಗಿಳಿ ಒಳ್ಳೆಯ ಆರೈಕೆ ದೊರೆತರೆ ಪಂಜರದಲ್ಲಿ 20ರಿಂದ 30 ವರ್ಷ ಬದುಕಬಲ್ಲದು. ಆಫ್ರಿಕಾದ ಬೂದುಗಿಳಿ 40ರಿಂದ 60 ವರ್ಷ ಬಾಳುವುದುಂಟು. ದೊಡ್ಡ ಮಕಾವ್ ಗಿಳಿಗಳು 50 ವರ್ಷ ದಾಟುತ್ತವೆ. ಮನೆಯ ಮಗ ಹೈಸ್ಕೂಲಿನಲ್ಲಿದ್ದಾಗ ತಂದ ಗಿಳಿ, ಅವನ ಮಗ ಹೈಸ್ಕೂಲಿಗೆ ಹೋಗುವ ಕಾಲಕ್ಕೂ ಜಗುಲಿಯಲ್ಲಿ ಇರುತ್ತದೆ. ಅರುವತ್ತರ ವಯಸ್ಸಿನಲ್ಲಿ ಗಿಳಿಮರಿಯೊಂದನ್ನು ಸಾಕಲು ತೊಡಗಿದವರಿಗಿಂತ ಆ ಗಿಳಿಯೇ ಹೆಚ್ಚು ಕಾಲ ಬದುಕುವ ಸಂಭವವಿದೆ. ಹಕ್ಕಿಯನ್ನು ತರುವಾಗ ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ಊರ ಗಿಳಿಯೋ ಪರದೇಶದ್ದೋ?

ಮುಂದಿನ ಎಲ್ಲ ಕ್ರಮಗಳೂ ಈ ಒಂದು ಪ್ರಶ್ನೆಯನ್ನು ಅವಲಂಬಿಸಿವೆ. ಆದ್ದರಿಂದ ಪಂಜರದಲ್ಲಿರುವುದು ಯಾವ ಗಿಳಿ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ನಮ್ಮ ಮೂರು ತಾಲ್ಲೂಕುಗಳ ಮನೆಗಳಲ್ಲಿ ಇರಬಹುದಾದ ಸ್ಥಳೀಯ ಗಿಳಿಗಳನ್ನು ಗುರುತಿಸುವುದು ಕಷ್ಟವಲ್ಲ. ಹಸಿರು ಮೈ, ಕೆಂಪು ಕೊಕ್ಕು, ಗಂಡಿನ ಕೊರಳಿಗೆ ಕಪ್ಪು ಮತ್ತು ಗುಲಾಬಿ ಬಣ್ಣದ ಪಟ್ಟಿ ಇರುವುದು ಎಲ್ಲೆಡೆ ಕಾಣುವ ಸಾಮಾನ್ಯ ಗಿಳಿ. ಅದಕ್ಕಿಂತ ಗಾತ್ರದಲ್ಲಿ ದೊಡ್ಡದಾಗಿ, ಭುಜದ ಬಳಿ ಕೆಂಪು ಮಚ್ಚೆಯಿದ್ದರೆ ಅದು ಅಲೆಕ್ಸಾಂಡ್ರಿನ್ ಗಿಳಿ. ಇದು ನಮ್ಮ ಕಾಡಿನದಕ್ಕಿಂತ ಹೆಚ್ಚಾಗಿ ವ್ಯಾಪಾರಿಗಳ ಮೂಲಕ ಬಂದಿರುವ ಸಾಧ್ಯತೆಯೇ ಅಧಿಕ. ಗಂಡಿನ ತಲೆ ಮಾಗಿದ ಹಣ್ಣಿನಂತೆ ನೇರಳೆಗೆಂಪು, ಹೆಣ್ಣಿನ ತಲೆ ಬೂದು, ಬಾಲದ ತುದಿ ಬಿಳಿ ಇದ್ದರೆ ಅದು ಕೆಂಪುತಲೆಯ ಗಿಳಿ. ಬೂದು ಛಾಯೆಯ ಮೈ, ನೀಲಿ ರೆಕ್ಕೆ, ಉದ್ದನೆಯ ಬಾಲ ಇರುವುದು ಮಲಬಾರ್ ಗಿಳಿ. ಈ ಕೊನೆಯದು ಪಶ್ಚಿಮ ಘಟ್ಟವನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಕಾಡಿನಲ್ಲಿ ಇಲ್ಲ. ಗುಬ್ಬಚ್ಚಿಗಿಂತ ಸ್ವಲ್ಪವೇ ಹೆಚ್ಚು ಗಾತ್ರದ, ಮೋಟುಬಾಲದ, ಬಾವಲಿಯಂತೆ ತಲೆಕೆಳಗಾಗಿ ಜೋತುಬಿದ್ದು ನಿದ್ರಿಸುವ ಪುಟ್ಟ ಗಿಳಿಯೂ ನಮ್ಮ ಕಾಡುಗಳಲ್ಲಿದೆ. ಇವೆಲ್ಲವೂ ವನ್ಯಜೀವಿಗಳು. ಮನೆಯಲ್ಲಿ ಹತ್ತು ವರ್ಷ ಇದ್ದ ಮಾತ್ರಕ್ಕೆ, ಮನೆಯವರ ಹೆಸರು ಹಿಡಿದು ಕರೆದ ಮಾತ್ರಕ್ಕೆ, ಇವು ಸಾಕುಪ್ರಾಣಿಗಳಾಗುವುದಿಲ್ಲ.

ಇನ್ನು ಅಂಗಡಿಗಳಿಂದ ತಂದ ಪರದೇಶದ ಹಕ್ಕಿಗಳು: ಜನರು ‘ಲವ್ ಬರ್ಡ್ಸ್’ ಎಂದು ಕರೆಯುವ ಆಸ್ಟ್ರೇಲಿಯಾ ಮೂಲದ ಬಜ್ರಿಗರ್, ನಿಜವಾದ ಆಫ್ರಿಕಾದ ಲವ್ ಬರ್ಡ್, ಜುಟ್ಟಿನ ಕಾಕಟೀಲ್, ಹಳದಿ-ಕೇಸರಿ ಬಣ್ಣದ ಸನ್ ಕನೂರ್, ಬೂದುಗಿಳಿ, ಮಕಾವ್, ಕಾಕಟೂ. ಇವುಗಳ ಕಾನೂನು ಬೇರೆ, ಮುಂದೆ ಹೇಳುತ್ತೇವೆ.

ಕಾಯ್ದೆ ಏನೆನ್ನುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಬಲೆ ಒಡ್ಡುವುದು, ಗೂಡಿನಿಂದ ಮೊಟ್ಟೆ ತೆಗೆಯುವುದು ಕೂಡ ಬೇಟೆಯೇ. ದೇಶದ ಕಾಡುಹಕ್ಕಿಗಳ ವ್ಯಾಪಾರ 1990–91ರಿಂದಲೇ ನಿಷಿದ್ಧ. 2022ರಲ್ಲಿ ತಿದ್ದುಪಡಿಯಾದ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಅದಕ್ಕೂ ಮೊದಲು ನಾಲ್ಕನೆಯ ಅನುಸೂಚಿಯಲ್ಲಿದ್ದ ಸಾಮಾನ್ಯ ಗಿಳಿ ಈಗ ಎರಡನೆಯ ಅನುಸೂಚಿಯಲ್ಲಿದೆ. ಶಿಕ್ಷೆ ಮೂರು ವರ್ಷದವರೆಗಿನ ಸೆರೆವಾಸ, ಇಲ್ಲವೇ ಒಂದು ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ. ಒಂದನೆಯ ಅನುಸೂಚಿಯ ಪ್ರಾಣಿಯಾದರೆ ಶಿಕ್ಷೆ ಇನ್ನೂ ಕಠಿಣ.

ಓದುಗರಿಗೆ ಹೆಚ್ಚು ಪರಿಚಯವಿಲ್ಲದ, ಆದರೆ ನಮ್ಮ ವಿಷಯಕ್ಕೆ ಅತಿ ಮುಖ್ಯವಾದುದು ಇದೇ ಕಾಯ್ದೆಯ 39ನೆಯ ಕಲಮು. ಅಕ್ರಮವಾಗಿ ಹಿಡಿದ ವನ್ಯಪ್ರಾಣಿ ಸರಕಾರದ ಸ್ವತ್ತು. ಅದು ಯಾವುದೇ ರೀತಿಯಲ್ಲಿ ನಮ್ಮ ಕೈಸೇರಿದರೂ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕು. ಲಿಖಿತ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ, ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಮಾರಾಟಕ್ಕೆ ಮಾತ್ರ ಈ ನಿರ್ಬಂಧ ಎಂದು ಅನೇಕರು ಭಾವಿಸಿದ್ದಾರೆ. ಕಲಮಿನಲ್ಲಿ ‘ದಾನ’ ಎಂಬುದೂ ಸ್ಪಷ್ಟವಾಗಿದೆ. ಆದ್ದರಿಂದ ಊರು ಬಿಡುವಾಗ ‘ದುಡ್ಡು ಬೇಡ, ಚೆನ್ನಾಗಿ ನೋಡಿಕೊಂಡರೆ ಸಾಕು’ ಎಂದು ಪಕ್ಕದ ಮನೆಯವರಿಗೆ ಕೊಟ್ಟ ಗಿಳಿಯು ಆ ಒಳ್ಳೆಯ ಮನೆಯವರನ್ನು ತೊಂದರೆಗೆ ಸಿಲುಕಿಸಬಲ್ಲದು.

ಇದು ಕಾಗದದ ಮೇಲಿನ ಬೆದರಿಕೆ ಮಾತ್ರ ಎನ್ನುವವರಿಗೆ ಒಂದು ಉದಾಹರಣೆ ಹೇಳಬಹುದು. 2023ರ ಫೆಬ್ರುವರಿಯಲ್ಲಿ ಚೆನ್ನೈನಲ್ಲಿ ತಮಿಳು ಹಾಸ್ಯನಟರೊಬ್ಬರ ಮನೆಯಲ್ಲಿದ್ದ ಎರಡು ಅಲೆಕ್ಸಾಂಡ್ರಿನ್ ಗಿಳಿಗಳನ್ನು ಅರಣ್ಯ ಇಲಾಖೆ ವಶಪಡಿಸಿಕೊಂಡು ಎರಡೂವರೆ ಲಕ್ಷ ರೂಪಾಯಿ ದಂಡ ವಿಧಿಸಿತ್ತು. ಮನೆಯ ವಿಡಿಯೊದಲ್ಲಿ ಆ ಗಿಳಿಗಳು ಕಾಣಿಸಿಕೊಂಡದ್ದೇ ಪ್ರಕರಣಕ್ಕೆ ಕಾರಣ. ಮೊಬೈಲಿನಲ್ಲಿ ‘ಮಾತನಾಡುವ ಗಿಳಿ, ಬೇಕಾದವರು ಸಂಪರ್ಕಿಸಿ’ ಎಂದು ಚಿತ್ರ ಹಾಕುವವರು ಇದನ್ನು ನೆನಪಿನಲ್ಲಿಡಬೇಕು.

ಪುಣ್ಯದ ಹೆಸರಿನಲ್ಲಿ ಹಾರಿಬಿಡುವುದು

ಮರಿಯಾಗಿದ್ದಾಗಲೇ ಮನೆ ಸೇರಿದ ಗಿಳಿಗೆ ಕಾಡು ಎಂದರೇನೆಂದು ಗೊತ್ತಿರುವುದಿಲ್ಲ. ಕಾಡಿನ ಗಿಳಿಮರಿ ಗೂಡಿನಿಂದ ಹೊರಬಂದ ಮೇಲೆ ತಂದೆತಾಯಿಯ ಜೊತೆಗೂ ಹಿಂಡಿನ ಜೊತೆಗೂ ಹಾರುತ್ತ, ಯಾವ ಮರ ಯಾವಾಗ ಹಣ್ಣು ಬಿಡುತ್ತದೆ, ಗಿಡುಗ ಬಂದಾಗ ಯಾವ ಕೂಗು ಹಾಕಬೇಕು, ರಾತ್ರಿ ಎಲ್ಲಿ ಕೂರಬೇಕು ಎಂಬುದನ್ನು ಕಲಿಯುತ್ತದೆ. ಪಂಜರದ ಗಿಳಿ ಕಲಿತದ್ದು ತಟ್ಟೆಯಲ್ಲಿನ ಅನ್ನ ಮತ್ತು ಬಾಳೆಹಣ್ಣು. ವರ್ಷಗಟ್ಟಲೆ ರೆಕ್ಕೆ ಬಿಚ್ಚದೆ ಕೂತದ್ದರಿಂದ ಅದರ ಎದೆಯ ಸ್ನಾಯುಗಳಲ್ಲಿ ಬಲವಿರುವುದಿಲ್ಲ. ರೆಕ್ಕೆಯ ಗರಿಗಳನ್ನು ಕತ್ತರಿಸಿದ್ದರಂತೂ ಮುಂದಿನ ಸಲ ಗರಿ ಉದುರಿ ಹೊಸದು ಬರುವವರೆಗೆ ಅದಕ್ಕೆ ಹಾರಲು ಸಾಧ್ಯವೇ ಇಲ್ಲ. ಮನುಷ್ಯರನ್ನು ಕಂಡರೆ ಅದಕ್ಕೆ ಭಯವಿಲ್ಲ. ಬೆಕ್ಕು-ನಾಯಿಗಳನ್ನೂ ಪರಿಚಿತರೆಂದೇ ಭಾವಿಸಬಹುದು. ಇಂಥ ಹಕ್ಕಿಯನ್ನು ಹಬ್ಬದ ದಿನ ಅಂಗಳದಿಂದ ಮೇಲಕ್ಕೆ ತೂರಿದರೆ ಅದು ಹೋಗಿ ಕೂರುವುದು ಹೆಚ್ಚೆಂದರೆ ಕೊಟ್ಟಿಗೆಯ ಮಾಡಿನ ಮೇಲೆ. ಜೂನ್ ತಿಂಗಳ ಮಳೆಯಲ್ಲಾದರೆ ಅದರ ಗತಿ ಊಹಿಸುವುದು ಕಷ್ಟವಲ್ಲ.

ಪರದೇಶದ ಹಕ್ಕಿಯ ಪಾಡು ಇದಕ್ಕಿಂತ ಶೋಚನೀಯ. 2022ರ ಜುಲೈನಲ್ಲಿ ತುಮಕೂರಿನ ಮನೆಯೊಂದರಿಂದ ತಪ್ಪಿಸಿಕೊಂಡ ರುಸ್ತುಮಾ ಎಂಬ ಆಫ್ರಿಕಾದ ಬೂದುಗಿಳಿಯ ಸುದ್ದಿ ಹಲವರಿಗೆ ನೆನಪಿರಬಹುದು. ಹುಡುಕಿಕೊಟ್ಟವರಿಗೆ 50 ಸಾವಿರ ರೂಪಾಯಿ ಎಂದು ಊರೆಲ್ಲ ಭಿತ್ತಿಪತ್ರ ಅಂಟಿಸಿದ ಆ ಕುಟುಂಬ, ಗಿಳಿ ಸಿಕ್ಕಾಗ 85 ಸಾವಿರ ಕೊಟ್ಟಿತು. ಸುದ್ದಿಯಾದದ್ದು ಬಹುಮಾನದ ಮೊತ್ತ. ಆದರೆ ಗಮನಿಸಬೇಕಾದ ಸಂಗತಿ ಬೇರೆ: ಆ ಹಕ್ಕಿ ಬಹುದೂರ ಹೋಗಿರಲೇ ಇಲ್ಲ, ಕೆಲವೇ ಕಿಲೋಮೀಟರ್ ಆಚೆ ಹಸಿದು ಬಳಲಿದ್ದಾಗ ಯಾರದೋ ಕೈಗೆ ಸಿಕ್ಕಿತ್ತು. ಎಲ್ಲ ಹಕ್ಕಿಗಳಿಗೂ ಅಂಥ ಅದೃಷ್ಟವಿರುವುದಿಲ್ಲ.

ಹಾರಿಬಿಡುವುದರಿಂದ ಕಾಡಿನ ಗಿಳಿಗಳಿಗೂ ಅಪಾಯವಿದೆ. ಬೇರೆ ಬೇರೆ ಕಡೆಯಿಂದ ತಂದ ಹಕ್ಕಿಗಳನ್ನು ಒಟ್ಟಿಗೆ ಇಟ್ಟ ಅಂಗಡಿಗಳಲ್ಲಿ ಕೊಕ್ಕು ಮತ್ತು ಗರಿಗಳನ್ನು ಹಾಳುಗೆಡಹುವ ವೈರಸ್ ರೋಗ, ಮನುಷ್ಯರಿಗೂ ತಗಲಬಲ್ಲ ಗಿಳಿಜ್ವರ ಮುಂತಾದವು ಹರಡುವುದುಂಟು. ನೋಡಲು ಆರೋಗ್ಯವಾಗಿರುವ ಹಕ್ಕಿಯೂ ರೋಗವನ್ನು ಹೊತ್ತಿರಬಹುದು. ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಮಲಬಾರ್ ಗಿಳಿಯ ನಾಡಿನಲ್ಲಿ ಈ ಅಪಾಯವನ್ನು ಹಗುರವಾಗಿ ಕಾಣುವಂತಿಲ್ಲ. ಇದಲ್ಲದೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ, ಹಸಿವು-ನೀರಡಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆದುಬಿಡುವುದು ಅಪರಾಧ. ರೆಕ್ಕೆ ಬಡಿಯಲು ಜಾಗವಿಲ್ಲದ ಸಣ್ಣ ಪಂಜರದಲ್ಲಿ ಇಡುವುದೂ ಅದೇ ಕಲಮಿನಡಿ ಅಪರಾಧವೇ.

ಅರಣ್ಯ ಇಲಾಖೆಗೆ ಒಪ್ಪಿಸುವ ಬಗೆ

ಹೀಗಾಗಿ ಊರ ಗಿಳಿಯ ಮಟ್ಟಿಗೆ ಸರಿಯಾದ ದಾರಿ ಒಂದೇ: ಅರಣ್ಯ ಇಲಾಖೆಗೆ ಒಪ್ಪಿಸುವುದು. ಕೆನರಾ ಅರಣ್ಯ ವೃತ್ತದ ಕೇಂದ್ರಸ್ಥಾನ ಸಿರಸಿಯೇ ಆಗಿರುವುದು ಈ ಭಾಗದವರಿಗೆ ಒಂದು ಅನುಕೂಲ. ಸಿರಸಿ ಮತ್ತು ಸಿದ್ದಾಪುರ ತಾಲ್ಲೂಕಿನವರು ಸಿರಸಿ ವಿಭಾಗಕ್ಕೂ ಯಲ್ಲಾಪುರದವರು ಯಲ್ಲಾಪುರ ವಿಭಾಗಕ್ಕೂ ಸೇರುತ್ತಾರೆ. ಆದರೆ ಮೊದಲು ಕಾಣಬೇಕಾದದ್ದು ನಮ್ಮ ಊರಿಗೆ ಸಂಬಂಧಿಸಿದ ವಲಯ ಅರಣ್ಯಾಧಿಕಾರಿಯನ್ನು. ಇಲಾಖೆಯ ಸಹಾಯವಾಣಿ 1926ಕ್ಕೂ ಕರೆ ಮಾಡಬಹುದು.

ಪಂಜರವನ್ನು ಎತ್ತಿಕೊಂಡು ನೇರವಾಗಿ ಬಸ್ ಹತ್ತುವುದು ಬೇಡ. ದಾರಿಯಲ್ಲಿ ತಪಾಸಣೆಗೆ ಸಿಕ್ಕರೆ ಒಪ್ಪಿಸಲು ಹೊರಟಿದ್ದೆ ಎಂಬ ಮಾತಿಗೆ ಆಧಾರ ಇರುವುದಿಲ್ಲ. ಮೊದಲು ಒಂದು ಪತ್ರ ಬರೆಯಬೇಕು. ಹಕ್ಕಿ ಯಾವಾಗ, ಹೇಗೆ ಮನೆಗೆ ಬಂತು, ಈಗ ಯಾವ ಕಾರಣಕ್ಕೆ ಇಟ್ಟುಕೊಳ್ಳಲಾಗುತ್ತಿಲ್ಲ ಎಂಬುದನ್ನು ಇದ್ದದ್ದು ಇದ್ದಹಾಗೆ ಹೇಳಿ, ಪತ್ರ ತಲುಪಿದ್ದಕ್ಕೆ ಸ್ವೀಕೃತಿ ಪಡೆದು, ಹಕ್ಕಿಯನ್ನು ಅವರೇ ಬಂದು ಒಯ್ಯುವರೋ ನಾವು ತರಬೇಕೋ ಎಂದು ಕೇಳಿಕೊಳ್ಳಬೇಕು. ಕಾಯ್ದೆಯಡಿ ಒಡೆತನದ ಪ್ರಮಾಣಪತ್ರ ಇದ್ದವರು ತಮ್ಮ ಪ್ರಾಣಿಯನ್ನು ಸ್ವಇಚ್ಛೆಯಿಂದ ಒಪ್ಪಿಸಲು 2022ರ ತಿದ್ದುಪಡಿ ಹೊಸ ಅವಕಾಶ ಕೊಟ್ಟಿದೆ. ಅದಕ್ಕೆ ಪರಿಹಾರಧನ ಇಲ್ಲ. ಆದರೆ ನಮ್ಮ ಮನೆಗಳ ಗಿಳಿಗಳಿಗೆ ಅಂಥ ಪ್ರಮಾಣಪತ್ರ ಇರುವುದು ಅಪರೂಪ.

ಇಲ್ಲಿಯೇ ಜನರು ಹಿಂಜರಿಯುವುದು. ‘ನಾವಾಗಿಯೇ ಹೋಗಿ ಹೇಳಿದರೆ ನಮ್ಮ ಮೇಲೆಯೇ ಪ್ರಕರಣ ಹಾಕಿದರೆ?’ ಎಂಬ ಅಳುಕು ಸಹಜವಾದದ್ದು. ಪ್ರಮಾಣಪತ್ರವಿಲ್ಲದವರಿಗೆ ಕಾಯ್ದೆಯಲ್ಲಿ ಬರೆದ ವಿನಾಯಿತಿ ಇಲ್ಲವೆಂಬುದು ನಿಜ. ಆದರೂ ಹಕ್ಕಿಯ ಹಿತಕ್ಕಾಗಿ ಲಿಖಿತವಾಗಿ ಮುಂದೆ ಬಂದವರನ್ನೂ, ಮಾರಾಟ ಮಾಡುತ್ತ ಸಿಕ್ಕಿಬಿದ್ದವರನ್ನೂ ಯಾವ ಅಧಿಕಾರಿಯೂ ಒಂದೇ ತಕ್ಕಡಿಯಲ್ಲಿ ತೂಗುವುದು ವಿವೇಕವಲ್ಲ. ಇಲಾಖೆಯೂ ಈ ಅಳುಕನ್ನು ಅರಿತುಕೊಳ್ಳಬೇಕು. ಮಳೆಗಾಲಕ್ಕೆ ಮುನ್ನ ವಲಯ ಕಚೇರಿಗಳಲ್ಲಿ ಒಂದು ವಾರ ‘ಗಿಳಿ ಒಪ್ಪಿಸಿ, ಪ್ರಶ್ನೆ ಕೇಳುವುದಿಲ್ಲ’ ಎಂಬ ಪ್ರಕಟಣೆ ಹೊರಡಿಸಿದರೆ, ಗುಟ್ಟಾಗಿ ಕೈಬದಲಾಗುವ ಎಷ್ಟೋ ಹಕ್ಕಿಗಳು ಬೆಳಕಿಗೆ ಬಂದಾವು. ಗ್ರಾಮಸಭೆಗಳಲ್ಲಿ, ಸೊಸೈಟಿಯ ಸೂಚನಾಫಲಕದಲ್ಲಿ ಇದನ್ನು ತಿಳಿಸುವುದು ಖರ್ಚಿನ ಕೆಲಸವೇನಲ್ಲ. ಒಂಟಿಯಾಗಿ ಕಚೇರಿ ಮೆಟ್ಟಿಲು ಹತ್ತಲು ಸಂಕೋಚಪಡುವ ಹಿರಿಯರು ಪರಿಚಯದ ಪಶುವೈದ್ಯರನ್ನೋ ಊರಿನ ಗ್ರಾಮ ಅರಣ್ಯ ಸಮಿತಿಯವರನ್ನೋ ಜೊತೆಗೆ ಕರೆದುಕೊಂಡು ಹೋಗಬಹುದು.

ಒಪ್ಪಿಸಿದ ಹಕ್ಕಿ ಎಲ್ಲಿಗೆ ಹೋಗುತ್ತದೆ? ಆರೋಗ್ಯವಾಗಿರುವ, ಇನ್ನೂ ಎಳೆಯದಾದ, ಮನುಷ್ಯರಿಗೆ ಪೂರ್ತಿ ಒಗ್ಗಿಹೋಗದ ಗಿಳಿಯಾದರೆ ಅದನ್ನು ತನ್ನ ಜಾತಿಯ ಇತರ ಗಿಳಿಗಳೊಂದಿಗೆ ದೊಡ್ಡ ಜಾಲರಿಮನೆಯಲ್ಲಿರಿಸಿ, ಹಾರುವ ಬಲ ಬಂದ ಮೇಲೆ ಹಂತಹಂತವಾಗಿ ಕಾಡಿಗೆ ಬಿಡಲಾಗುತ್ತದೆ. ಬೆಂಗಳೂರಿನ ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಯಂಥ ಕೇಂದ್ರಗಳು ಇಂಥ ಪುನರ್ವಸತಿ ಕೆಲಸದಲ್ಲಿ ಅನುಭವವುಳ್ಳವು. ಹದಿನೈದು ಇಪ್ಪತ್ತು ವರ್ಷ ಪಂಜರದಲ್ಲಿದ್ದ ಹಕ್ಕಿಗೆ ಕಾಡು ಸಾಧ್ಯವಾಗದೇ ಇರಬಹುದು. ಅಂಥವನ್ನು ಮೃಗಾಲಯದ ಪಕ್ಷಿಮನೆಯಲ್ಲಿ ಗುಂಪಿನೊಂದಿಗೆ ಇರಿಸುವುದೇ ಲೇಸು. ಸಿದ್ದಾಪುರದ ಕಡೆಯಿಂದ ಶಿವಮೊಗ್ಗದ ತ್ಯಾವರೆಕೊಪ್ಪ, ಯಲ್ಲಾಪುರದ ಕಡೆಯಿಂದ ಗದಗಿನ ಬಿಂಕದಕಟ್ಟಿ ಮೃಗಾಲಯಗಳಿವೆ. ಆದರೆ ಸಾರ್ವಜನಿಕರು ನೇರವಾಗಿ ಒಯ್ದುಕೊಟ್ಟರೆ ಅವರು ಸ್ವೀಕರಿಸಲೇಬೇಕೆಂದಿಲ್ಲ. ಎಲ್ಲಿಗೆ ಕಳುಹಿಸಬೇಕೆಂಬುದು ಇಲಾಖೆಯ ತೀರ್ಮಾನ. ಕೊಟ್ಟ ಮೇಲೆ ಹಕ್ಕಿ ಏನಾಯಿತೆಂದು ವಿಚಾರಿಸುವ ಹಕ್ಕು ಕೊಟ್ಟವರಿಗೆ ಇದ್ದೇ ಇದೆ. ಸ್ವೀಕೃತಿಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕೆನ್ನುವುದು ಇದಕ್ಕಾಗಿಯೂ ಹೌದು.

ಪರದೇಶದ ಗಿಳಿಗೆ ಹೊಸ ಮನೆ

ಪರದೇಶದ ಗಿಳಿಗಳನ್ನು ಮನೆಯಿಂದ ಮನೆಗೆ ದಾಟಿಸಲು ಕಾನೂನಿನಲ್ಲಿ ಅವಕಾಶವಿದೆ, ಆದರೆ ದಾಖಲೆ ಬೇಕು. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದಕ್ಕೆ ಭಾರತ 1976ರಿಂದ ಸದಸ್ಯ ರಾಷ್ಟ್ರ. ಆ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳು 2022ರ ತಿದ್ದುಪಡಿಯ ಮೂಲಕ ನಮ್ಮ ಕಾಯ್ದೆಯ ನಾಲ್ಕನೆಯ ಅನುಸೂಚಿಯಾಗಿ ಸೇರಿವೆ. ಬೂದುಗಿಳಿ, ಮಕಾವ್, ಕಾಕಟೂ, ಸನ್ ಕನೂರ್ ಎಲ್ಲವೂ ಇದರಲ್ಲಿ ಬರುತ್ತವೆ. 2024ರ ಫೆಬ್ರುವರಿ 28ರಂದು ಕೇಂದ್ರ ಸರಕಾರ ಪ್ರಕಟಿಸಿದ ನಿಯಮಗಳಂತೆ ಇಂಥ ಹಕ್ಕಿಯನ್ನು ಹೊಂದಿರುವವರು ‘ಪರಿವೇಶ್ 2.0’ ಜಾಲತಾಣದ ಮೂಲಕ ನೋಂದಣಿ ಮಾಡಿಸಬೇಕಿತ್ತು. ಮೊದಲಿಗೆ ಆರು ತಿಂಗಳ ಕಾಲಾವಕಾಶವಿತ್ತು. ಮರಿ ಹುಟ್ಟಿದರೂ ಹಕ್ಕಿ ಸತ್ತರೂ ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಆದ್ದರಿಂದ ಕೊಡುವವರು ತಮ್ಮ ನೋಂದಣಿ ಸರಿಯಾಗಿದೆಯೇ ಎಂದು ನೋಡಿಕೊಂಡು, ವರ್ಗಾವಣೆಯನ್ನು ದಾಖಲಿಸಿ, ಆ ಪ್ರತಿಯನ್ನು ಪಡೆಯುವವರಿಗೆ ಹಕ್ಕಿಯ ಜೊತೆಯಲ್ಲೇ ಕೊಡಬೇಕು. ಹಕ್ಕಿಯ ಕಾಲಿನಲ್ಲಿ ಉಂಗುರವಿದ್ದರೆ ಅದರ ಸಂಖ್ಯೆಯನ್ನೂ ಬರೆದಿಡುವುದು ಒಳ್ಳೆಯದು. ಬಜ್ರಿಗರ್, ಕಾಕಟೀಲ್ ಮತ್ತು ಗುಲಾಬಿಮುಖದ ಲವ್ ಬರ್ಡ್ ಸೈಟಿಸ್ ಪಟ್ಟಿಯಲ್ಲಿಲ್ಲ. ಇವುಗಳಿಗೆ ಈ ನೋಂದಣಿಯ ರಗಳೆ ಇಲ್ಲ.

ಕಾಗದಪತ್ರ ಸುಲಭದ ಭಾಗ. ಯೋಗ್ಯ ಮನೆಯನ್ನು ಆರಿಸುವುದೇ ಕಷ್ಟ. ಗಿಳಿ ಬೇಕು ಎನ್ನುವವರು ಬಹಳ ಮಂದಿ ಸಿಗುತ್ತಾರೆ. ಗಿಳಿಯ ಗಲಾಟೆ ಬೇಕು ಎನ್ನುವವರು ಕಡಿಮೆ. ಬೆಳಗ್ಗೆ ಆರಕ್ಕೆ ಮತ್ತು ಸಂಜೆ ಆರಕ್ಕೆ ಸನ್ ಕನೂರ್ ಹಾಕುವ ಕೂಗನ್ನು ತೋಟದ ನಡುವಿನ ಒಂಟಿಮನೆ ತಾಳಿಕೊಂಡೀತು, ಬೆಂಗಳೂರಿನ ಅಪಾರ್ಟ್‌ಮೆಂಟಿನ ಪಕ್ಕದ ಮನೆಯವರು ತಾಳಿಕೊಳ್ಳಲಾರರು. ಅಪ್ಪನನ್ನೋ ಅಮ್ಮನನ್ನೋ ಕರೆದೊಯ್ಯುವಾಗ ಜೊತೆಗೆ ಗಿಳಿಯನ್ನೂ ಒಯ್ಯುವ ಮಕ್ಕಳಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಒಯ್ದು, ಮೂರೇ ತಿಂಗಳಲ್ಲಿ ಮತ್ತೊಬ್ಬರಿಗೆ ಕೊಡುವುದಾದರೆ ಒಯ್ಯದಿರುವುದೇ ಮೇಲು. ಮನೆ ಬದಲಾದಷ್ಟೂ ಗಿಳಿ ಕುಗ್ಗುತ್ತದೆ.

ಹೊಸ ಮನೆಯವರೊಡನೆ ಫೋನಿನಲ್ಲಿ ಮಾತನಾಡಿದರೆ ಸಾಲದು, ಒಮ್ಮೆ ಹೋಗಿ ನೋಡಬೇಕು. ದಿನವಿಡೀ ಮನೆಯಲ್ಲಿ ಯಾರಾದರೂ ಇರುತ್ತಾರೆಯೇ, ಬೆಕ್ಕು ಇದೆಯೇ, ಮನೆಯ ಎಲ್ಲರಿಗೂ ಒಪ್ಪಿಗೆಯಿದೆಯೇ, ಪಂಜರ ತೂಗುವುದು ಅಡುಗೆಮನೆಯ ಹತ್ತಿರವೇ ಎಂದು ವಿಚಾರಿಸಬೇಕು. ಅಡುಗೆಮನೆಯ ಪ್ರಶ್ನೆ ವಿಚಿತ್ರವೆನಿಸಬಹುದು. ನಾನ್‌ಸ್ಟಿಕ್ ಕಾವಲಿ ಅತಿಯಾಗಿ ಕಾದಾಗ ಹೊರಡುವ ಹೊಗೆ ಹಕ್ಕಿಗಳಿಗೆ ಮಾರಕ. ನಮಗೆ ವಾಸನೆ ತಿಳಿಯುವಷ್ಟರಲ್ಲಿ ಹಕ್ಕಿ ಸತ್ತಿರುತ್ತದೆ. ಪಡೆಯುವವರಲ್ಲಿ ಆಗಲೇ ಬೇರೆ ಹಕ್ಕಿಗಳಿದ್ದರೆ ಹೊಸದನ್ನು ಕನಿಷ್ಠ ಒಂದು ತಿಂಗಳಾದರೂ ಬೇರೆ ಕೋಣೆಯಲ್ಲಿಡಬೇಕು. ಹಣದ ವಿಷಯದಲ್ಲಿ ಒಂದು ಮಾತು: ಬೆಲೆಬಾಳುವ ಹಕ್ಕಿಯನ್ನು ಪುಕ್ಕಟೆ ಎಂದು ಪ್ರಕಟಿಸಿದರೆ ಮೊದಲು ಓಡಿಬರುವವರು ಮರುಮಾರಾಟದವರು. ಪರಿಚಿತರ ಮೂಲಕ, ಪಶುವೈದ್ಯರ ಮೂಲಕ ವಿಚಾರಿಸುವುದು ನಿಧಾನವಾದರೂ ಸುರಕ್ಷಿತ. ಯಾವ ಮನೆಯೂ ಸಿಗದಿದ್ದರೆ ಪುನರ್ವಸತಿ ಕೇಂದ್ರಗಳಲ್ಲಿ ಕೇಳಬಹುದು. ಮೈಸೂರಿನ ಅವಧೂತ ದತ್ತಪೀಠದ ಶುಕವನ ಗಾಯಗೊಂಡ ಹಾಗೂ ತೊರೆಯಲ್ಪಟ್ಟ ಗಿಳಿಗಳ ಆರೈಕೆಗೆ ಹೆಸರಾಗಿದೆ. ಆದರೆ ಎಲ್ಲ ಕೇಂದ್ರಗಳಿಗೂ ಸ್ಥಳದ ಮಿತಿ ಇರುತ್ತದೆ. ಮೊದಲೇ ಕೇಳದೆ ಪಂಜರ ಹೊತ್ತು ಹೋಗುವುದು ಸಲ್ಲದು.

ಗಿಳಿಗೂ ದುಃಖವಿದೆ

ಗಿಳಿಗಳು ಜೋಡಿಯಾಗಿ, ಹಿಂಡಾಗಿ ಬದುಕುವ ಹಕ್ಕಿಗಳು. ಪಂಜರದಲ್ಲಿ ಒಂಟಿಯಾಗಿರುವ ಗಿಳಿಗೆ ಮನೆಯ ಮನುಷ್ಯರೇ ಹಿಂಡು. ಮನೆಮಂದಿಯಲ್ಲಿ ಒಬ್ಬರನ್ನು ಅದು ತನ್ನ ಜೋಡಿಯೆಂದೇ ಬಗೆದಿರುತ್ತದೆ. ಆ ವ್ಯಕ್ತಿ ಇದ್ದಕ್ಕಿದ್ದಂತೆ ಕಾಣೆಯಾದಾಗ ಆಹಾರ ಬಿಡುವುದು, ಮಾತು ನಿಲ್ಲಿಸುವುದು, ಎಡೆಬಿಡದೆ ಕಿರುಚುವುದು, ತನ್ನ ಎದೆಯ ಗರಿಗಳನ್ನು ತಾನೇ ಕಿತ್ತುಕೊಳ್ಳುವುದು ಗಿಳಿಗಳಲ್ಲಿ ಚೆನ್ನಾಗಿ ಗುರುತಿಸಲಾದ ಲಕ್ಷಣಗಳು. ತೀರಿಕೊಂಡ ಯಜಮಾನರ ಧ್ವನಿಯಲ್ಲೇ ಗಿಳಿ ಕರೆಯುವಾಗ ಮನೆಯವರಿಗಾಗುವ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಆ ಸಂಕಟ ತಾಳಲಾರದೆ ಅವಸರದಲ್ಲಿ ಹಕ್ಕಿಯನ್ನು ಸಾಗಹಾಕುವವರೂ ಇದ್ದಾರೆ. ಅಂಥವರನ್ನು ದೂಷಿಸುವಂತಿಲ್ಲ, ಒಂದೆರಡು ವಾರ ಬೇರೆ ಯಾರಾದರೂ ಬಂದು ನೋಡಿಕೊಳ್ಳುವಂತಾದರೆ ಅವಸರ ತಪ್ಪುತ್ತದೆ.

ಆದಕಾರಣ ಕೈಬದಲಾವಣೆ ನಿಧಾನವಾಗಿ ನಡೆಯಬೇಕು. ಸಾಧ್ಯವಿದ್ದರೆ ಹೊಸಬರು ನಾಲ್ಕಾರು ಸಲ ಹಳೆಯ ಮನೆಗೇ ಬಂದು ಹಕ್ಕಿಗೆ ತಿನ್ನಿಸಲಿ. ಹೋಗುವಾಗ ಹಳೆಯ ಪಂಜರ, ಕೂರುವ ಕೋಲು, ನೀರಿನ ಬಟ್ಟಲು ಜೊತೆಗೇ ಹೋಗಲಿ. ದೊಡ್ಡ ಪಂಜರವನ್ನು ಆಮೇಲೆ ಕೊಳ್ಳಬಹುದು. ಇಲಾಖೆಗೆ ಒಪ್ಪಿಸುವ ಗಿಳಿಯಾದರೂ ಒಂದು ಹಾಳೆಯಲ್ಲಿ ಅದರ ವಯಸ್ಸು, ತಿನ್ನುವ ಆಹಾರ, ಬಂದ ಕಾಯಿಲೆ, ಹಾರಬಲ್ಲದೋ ಇಲ್ಲವೋ, ಯಾವುದಕ್ಕೆ ಹೆದರುತ್ತದೆ, ಯಾವ ಮಾತು ಬಲ್ಲದು ಎಂಬುದನ್ನು ಬರೆದುಕೊಡಬೇಕು. ‘ಉಂಡ್ಯಾ?’ ಎಂದು ಕೇಳುವ ಗಿಳಿಗೆ ಯಾರಾದರೂ ‘ಉಂಡೆ’ ಎಂದು ಉತ್ತರಿಸುವ ರೂಢಿಯಿದ್ದರೆ ಆ ಸಣ್ಣ ಸಂಗತಿಯೂ ಹೊಸ ಜಾಗದಲ್ಲಿ ಹಕ್ಕಿಗೆ ಆಸರೆಯಾದೀತು.

ಆಹಾರದ ಬದಲಾವಣೆಯೂ ಹೀಗೆಯೇ. ಬರೀ ಅನ್ನ ಅಥವಾ ಬರೀ ಸೂರ್ಯಕಾಂತಿ ಬೀಜ ತಿಂದು ಬೆಳೆದ ಗಿಳಿಗಳಲ್ಲಿ ಎ ಜೀವಸತ್ವದ ಕೊರತೆಯೂ ಯಕೃತ್ತಿನ ಕೊಬ್ಬೂ ಸಾಮಾನ್ಯ. ಮೊಳಕೆಕಾಳು, ನುಗ್ಗೆಸೊಪ್ಪು, ಗಜ್ಜರಿ, ಪೇರಲೆ, ಹಸಿಮೆಣಸು ಒಳ್ಳೆಯವು. ಆದರೆ ಹೊಸ ಮನೆಗೆ ಬಂದ ದಿನವೇ ಹಳೆಯ ಆಹಾರ ನಿಲ್ಲಿಸಿದರೆ ಹಕ್ಕಿ ಉಪವಾಸ ಬೀಳುತ್ತದೆ. ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಹೋಗಬೇಕು. ಉಪ್ಪು, ಚಹಾ, ಚಾಕೊಲೇಟು, ಬೆಣ್ಣೆಹಣ್ಣು ಎಂದೂ ಕೂಡದು. ಸಾಗಿಸುವಾಗ ಗಾಳಿಯಾಡುವ ಸಣ್ಣ ಪೆಟ್ಟಿಗೆ ಮೇಲು. ದೊಡ್ಡ ಪಂಜರದಲ್ಲಿ ಘಟ್ಟದ ತಿರುವುಗಳಲ್ಲಿ ಹಕ್ಕಿ ಬಡಿದುಕೊಂಡು ಗಾಯವಾಗುತ್ತದೆ. ಬೆಳಗಿನ ತಂಪಿನಲ್ಲಿ, ತೆಳುಬಟ್ಟೆ ಹೊದಿಸಿ, ಕಾಲಬಳಿ ಇಟ್ಟುಕೊಂಡು ಒಯ್ಯಬೇಕು. ಬಸ್ಸಿನ ಸಾಮಾನುಪೆಟ್ಟಿಗೆಯಲ್ಲಿ ಖಂಡಿತ ಅಲ್ಲ.

ಪೊಟರೆಯಿಂದ ಪಂಜರಕ್ಕೆ

ಹೊಸ ಗಿಳಿಗಳು ನಮ್ಮ ಜಗುಲಿಗಳಿಗೆ ಬರುವ ದಾರಿಯನ್ನೂ ನೋಡಬೇಕು. ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯನ್ನು ಓದಿದವರಿಗೆ ವೈಶಂಪಾಯನನೆಂಬ ಗಿಳಿ ಹೇಳುವ ಕಥೆ ನೆನಪಿದ್ದೀತು. ಬೂರುಗದ ಮರವನ್ನೇರಿದ ಮುದಿ ಬೇಡನೊಬ್ಬ ಪೊಟರೆಗಳಿಂದ ಗಿಳಿಮರಿಗಳನ್ನು ತೆಗೆದು ಕೊಂದು ಕೆಳಕ್ಕೆಸೆಯುವ ಪ್ರಸಂಗ ಅಲ್ಲಿದೆ. ಬಾಣಭಟ್ಟನಿಂದ ಕನ್ನಡಕ್ಕೆ ಬಂದ ಆ ದೃಶ್ಯ ಸಾವಿರ ವರ್ಷದಷ್ಟು ಹಳೆಯದು. ಮರಿಗಳನ್ನು ಕೊಲ್ಲುವ ಬದಲು ಮಾರುವುದಷ್ಟೇ ಇಂದಿನ ವ್ಯತ್ಯಾಸ.

ಗಿಳಿಗಳು ತಾವಾಗಿ ಪೊಟರೆ ಕೊರೆಯುವುದು ಕಡಿಮೆ. ಮರಕುಟಿಗ, ಕುಟ್ರುಹಕ್ಕಿಗಳು ಕೊರೆದು ಬಿಟ್ಟುಹೋದ ಹಳೆಯ ಮರಗಳ ಪೊಟರೆಗಳೇ ಅವಕ್ಕೆ ಮನೆ. ನಮ್ಮ ಭಾಗದಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಮರಿಗಳ ಕಾಲ. ಆಗ ಸೊಪ್ಪಿನಬೆಟ್ಟದಲ್ಲಿ ಒಣಗಿದ ಮರ ಕಡಿಯುವಾಗ, ಗಾಳಿಗೆ ಕೊಂಬೆ ಮುರಿದಾಗ ಮರಿಗಳು ನೆಲಕ್ಕೆ ಬೀಳುತ್ತವೆ. ಕರುಣೆಯಿಂದ ಎತ್ತಿ ಮನೆಗೆ ತಂದವರೇ ಮುಂದೆ ಇಪ್ಪತ್ತು ವರ್ಷದ ಹೊಣೆಯನ್ನು ಹೊರುತ್ತಾರೆ. ಗರಿ ಮೂಡಿದ ಮರಿಯಾದರೆ ಹತ್ತಿರದ ಪೊದೆಯ ಮೇಲೆ ಬೆಕ್ಕು-ನಾಯಿಗೆ ಎಟುಕದಂತೆ ಇರಿಸಿ, ದೂರ ನಿಂತು ಒಂದೆರಡು ಗಂಟೆ ಕಾಯಬೇಕು; ತಾಯಿಹಕ್ಕಿ ಬಂದು ಉಣಿಸುವುದುಂಟು. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಮೈಮೇಲೆ ಗರಿಯೇ ಇಲ್ಲದ ಮರಿಯಾದರೆ,ಅಥವಾ ಗಾಯವಾಗಿದ್ದರೆ, ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಬೆಚ್ಚಗಿಡಬೇಕು. ಬಾಯಿಗೆ ನೀರು, ಹಾಲು ಹಾಕಬಾರದು, ಉಸಿರಿನ ದಾರಿಗೆ ಹೋದರೆ ಮರಿ ಸಾಯುತ್ತದೆ. ಅನಂತರ ವಲಯ ಅರಣ್ಯ ಕಚೇರಿಗೆ ಫೋನು ಮಾಡಬೇಕು. ಮೇಲೆ ಹೇಳಿದ 48 ಗಂಟೆಗಳ ಎಣಿಕೆ ಮರಿಯನ್ನು ಎತ್ತಿಕೊಂಡ ಕ್ಷಣದಿಂದಲೇ ಶುರುವಾಗುತ್ತದೆ.